ಪೆಟ್ರೋಲ್ ಕಾರು ಬಿಟ್ಟು ಒಂದೂವರೆ ವರ್ಷ: ಶೋರೂಮಿಗೆ ಹೋಗುವ ಮೊದಲು ಮನೆಯ ಅರ್ಥಿಂಗ್ ನೋಡಿಸಿ

ಮಂಡಗದ್ದೆ ದಾರಿ | 4 ಅಕ್ಟೋಬರ್ 2025, ಬೆಳಗ್ಗೆ

ಆಯುಧ ಪೂಜೆ ದಿನ ಕಾರು ತೊಳೆದು ಕುಂಕುಮ ಇಡುವಾಗ ಮೀಟರ್ ನೋಡಿದೆ. 54,212 ಕಿಲೋಮೀಟರ್. ಕಳೆದ ವರ್ಷದ ಯುಗಾದಿಗೆ ಮನೆಗೆ ಬಂದ ಎಲೆಕ್ಟ್ರಿಕ್ ಕಾರು ಇದು. ಅದಕ್ಕೂ ಮೊದಲು ಹನ್ನೊಂದು ವರ್ಷ ಒಂದೇ ಪೆಟ್ರೋಲ್ ಕಾರು ಓಡಿಸಿದ್ದೆ. ಬದಲಾಯಿಸುವ ಮುಂಚೆ ನಾನು ಸಿಕ್ಕ ಸಿಕ್ಕವರನ್ನೆಲ್ಲ ಕೇಳುತ್ತಿದ್ದೆ. ಈಗ ನನ್ನನ್ನು ಕೇಳುವವರು ಜಾಸ್ತಿ. ಎಲ್ಲರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಒಮ್ಮೆ ಪೂರ್ತಿ ಬರೆಯುತ್ತೇನೆ.

ನಮ್ಮ ಮನೆ ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಕೆಲಸ ಶಿವಮೊಗ್ಗದಲ್ಲಿ. ಹೋಗಿ ಬರಲು ದಿನಕ್ಕೆ 125 ಕಿಲೋಮೀಟರ್. ಮಂಡಗದ್ದೆ, ಸಕ್ರೆಬೈಲು, ಗಾಜನೂರು ಅಂತ ತುಂಗೆಯ ಪಕ್ಕದಲ್ಲೇ ದಾರಿ. ತಿಂಗಳಿಗೆ ಹತ್ತಿರ ಹತ್ತಿರ 3,000 ಕಿಲೋಮೀಟರ್ ಆಗುತ್ತದೆ.

ಹಳೇ ಕಾರು ಲೀಟರಿಗೆ 16 ಕೊಡುತ್ತಿತ್ತು. ಪೆಟ್ರೋಲ್ 103 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ 19,000ದ ಮೇಲೆ ಬರೀ ಪೆಟ್ರೋಲಿಗೆ. ಈಗಿನ ಕಾರಿನ ಬ್ಯಾಟರಿ 35 ಯೂನಿಟ್‌ದು. ಕಂಪನಿ ಪುಸ್ತಕದಲ್ಲಿ ಒಮ್ಮೆ ತುಂಬಿಸಿದರೆ 400 ಕಿಲೋಮೀಟರ್ ಮೇಲೆ ಓಡುತ್ತದೆ ಅಂತ ಬರೆದಿದ್ದಾರೆ. ನಮ್ಮ ರಸ್ತೆಯಲ್ಲಿ, ಎಸಿ ಹಾಕಿಕೊಂಡು, ನನಗೆ ಸಿಗುವುದು 240ರಿಂದ 250. ಪುಸ್ತಕದ ಸಂಖ್ಯೆ ನೋಡಿ ಯಾರೂ ಲೆಕ್ಕ ಹಾಕಬೇಡಿ. ಗೋಡೆಯ ಮೀಟರ್ ಲೆಕ್ಕದಲ್ಲಿ ಯೂನಿಟ್‌ಗೆ 6.4 ಕಿಲೋಮೀಟರ್ ಬರುತ್ತಿದೆ. ಚಾರ್ಜ್ ಆಗುವಾಗ ಸ್ವಲ್ಪ ಕರೆಂಟ್ ಬಿಸಿಯಾಗಿ ಹೋಗುತ್ತದೆ, ಕಾರಿನ ಪರದೆ ಅದನ್ನು ತೋರಿಸುವುದಿಲ್ಲ. ಹಾಗಾಗಿ ಪರದೆ ನಂಬಬೇಡಿ, ಮೀಟರ್ ನಂಬಿ.

ಈಗ ಯಾರೂ ಹೇಳದ ವಿಷಯ. ನಮ್ಮದು ಗೃಹಜ್ಯೋತಿ ಮನೆ. ತಿಂಗಳಿಗೆ 90 ಯೂನಿಟ್ ಬಳಸುತ್ತಿದ್ದೆವು, ಬಿಲ್ ಸೊನ್ನೆ ಬರುತ್ತಿತ್ತು. ಕಾರು ಬಂದ ಮೊದಲ ತಿಂಗಳೇ 560 ಯೂನಿಟ್ ಆಯಿತು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಮೊದಲಿನ 90 ಯೂನಿಟ್ ಕೂಡ ಪುಕ್ಕಟೆ ಉಳಿಯುವುದಿಲ್ಲ. ಜೊತೆಗೆ ಮಂಜೂರಾದ ಲೋಡ್ 3 ಕಿಲೋವ್ಯಾಟ್‌ನಿಂದ 5ಕ್ಕೆ ಏರಿಸಿದ್ದರಿಂದ ನಿಗದಿತ ಶುಲ್ಕವೂ ಏರಿತು. ಎಲ್ಲ ಸೇರಿ ಈಗ ಮನೆಯ ಬಿಲ್ ನಾಲ್ಕೂವರೆ ಸಾವಿರದ ಹತ್ತಿರ. ಬಿಲ್ ಬಂದ ದಿನ ಅಮ್ಮ ಗಾಬರಿಯಾಗಿದ್ದರು. ಪೆಟ್ರೋಲಿನ 19,000 ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ಈ ಚೀಟಿ ಬಾಗಿಲಿಗೇ ಬರುತ್ತದೆ. ಹಾಗಿದ್ದರೂ ಕಿಲೋಮೀಟರಿಗೆ ಐದು ರೂಪಾಯಿ ಹತ್ತಿರ ಉಳಿಯುತ್ತಿದೆ. ಅದು ನೇರ ಸಾಲದ ಕಂತಿಗೆ ಹೋಗುತ್ತದೆ.

ಆದರೆ ಇದೆಲ್ಲ ಶುರುವಾಗುವ ಮೊದಲು ಎಂಟು ದಿನ ಕಾರು ಅಂಗಳದಲ್ಲಿ ಸುಮ್ನೆ ನಿಂತಿತ್ತು. ಕಾರಿನ ಜೊತೆ ಬಂದ ಚಾರ್ಜರ್ ಪ್ಲಗ್‌ಗೆ ಹಾಕಿದ ಕೂಡಲೇ ಕೆಂಪು ದೀಪ. ಬೇರೆ ಪ್ಲಗ್, ಅಲ್ಲೂ ಕೆಂಪು. ಕಾರೇ ಕೆಟ್ಟಿದೆ ಅಂದುಕೊಂಡೆ. ಕೊನೆಗೆ ಎಲೆಕ್ಟ್ರಿಷಿಯನ್ ಬಂದು ನ್ಯೂಟ್ರಲ್‌ಗೂ (ಕರೆಂಟ್ ವಾಪಸ್ ಹೋಗುವ ತಂತಿ) ಅರ್ಥ್‌ಗೂ (ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ತಂತಿ) ಮಲ್ಟಿಮೀಟರ್ ಹಿಡಿದರು. 27 ವೋಲ್ಟ್ ತೋರಿಸಿತು. ಎರಡು ಮೂರು ವೋಲ್ಟ್ ಒಳಗೆ ಇರಬೇಕಾದದ್ದು. ಅಂದರೆ ಮೂವತ್ತು ವರ್ಷ ಅರ್ಥಿಂಗ್ ಇಲ್ಲದ ಮನೆಯಲ್ಲಿ ಫ್ರಿಜ್, ಗ್ರೈಂಡರ್, ಗೀಸರ್ ಎಲ್ಲ ಬಳಸುತ್ತಿದ್ದೆವು. ಕಾರಿನ ಚಾರ್ಜರ್ ಮಾತ್ರ ಅದನ್ನು ಒಪ್ಪಲಿಲ್ಲ.

ನಮ್ಮದು ಜಂಬಿಟ್ಟಿಗೆ ನೆಲ. ಬೇಸಿಗೆಯಲ್ಲಿ ಕಲ್ಲಿನ ಹಾಗೆ ಒಣಗುತ್ತದೆ, ಕರೆಂಟನ್ನು ಭೂಮಿಗೆ ಬಿಡುವುದೇ ಇಲ್ಲ. ಎಂಟು ಅಡಿ ಗುಂಡಿ ತೆಗೆಸಿ, ಜಿಐ ಪೈಪ್ ಇಳಿಸಿ, ಒಂದು ಪದರ ಇದ್ದಿಲು ಒಂದು ಪದರ ಉಪ್ಪು ಅಂತ ತುಂಬಿ ನೀರು ಹಾಕಿದ ಮೇಲೆ ವೋಲ್ಟ್ ಎರಡಕ್ಕೆ ಇಳಿಯಿತು. ರಾತ್ರಿ ಹನ್ನೊಂದಕ್ಕೆ ಹಸಿರು ದೀಪ ಹತ್ತಿತು. ಮನೆಯವರೆಲ್ಲ ಎದ್ದು ಬಂದು ನೋಡಿದ್ದರು.

ಅದಕ್ಕೇ ಕೇಳುವವರಿಗೆಲ್ಲ ಒಂದೇ ಮಾತು ಹೇಳುತ್ತೇನೆ. ಕಾರು ನೋಡುವ ಮೊದಲು ನಿಮ್ಮ ಮನೆ ನೋಡಿ. ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ, ಅಲ್ಲಿಗೆ ನಿಮ್ಮದೇ ಮೀಟರಿನಿಂದ ಒಳ್ಳೆಯ ವೈರ್ ಬರುತ್ತದಾ, ಅರ್ಥಿಂಗ್ ಇದೆಯಾ. ಈ ಮೂರಕ್ಕೂ ಹೌದು ಅಂದರೆ ಉಳಿದದ್ದು ಸುಲಭ.

ಬೇಸ್‌ಮೆಂಟ್ ಬಿ2 | 4 ಅಕ್ಟೋಬರ್

ಸರ್, ತುಂಬಾ ಉಪಯೋಗದ ಬರಹ. ನಾನು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದ್ದೇನೆ. ಸ್ವಂತ ಪಾರ್ಕಿಂಗ್ ಇದೆ, ಮೀಟರ್ ಕೋಣೆಯಿಂದ ಸುಮಾರು 40 ಮೀಟರ್ ದೂರ. ಅಸೋಸಿಯೇಷನ್‌ನವರು ಆರು ತಿಂಗಳಿಂದ ಒಪ್ಪುತ್ತಿಲ್ಲ. ಬೆಂಕಿ ಹತ್ತಿಕೊಂಡರೆ ಯಾರು ಹೊಣೆ ಅನ್ನುತ್ತಾರೆ. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳು ಹೊತ್ತಿ ಉರಿದ ವಿಡಿಯೊಗಳನ್ನು ಮೀಟಿಂಗಿನಲ್ಲಿ ಹಾಕಿ ತೋರಿಸಿದರು. ಅವರ ಭಯ ಸುಳ್ಳು ಅಂತ ನಾನು ಹೇಳಲಾರೆ. ಕೆಳಗೆ ನೂರಾರು ಕಾರು, ಮೇಲೆ ಮಕ್ಕಳು ಮಲಗಿರುತ್ತವೆ. ಆದರೆ ಅದಕ್ಕೆ ಉತ್ತರ ಬೇಡ ಅನ್ನುವುದಾ, ಸರಿಯಾಗಿ ಮಾಡೋಣ ಅನ್ನುವುದಾ? ಇದನ್ನು ದಾಟಿದವರು ಯಾರಾದರೂ ಇದ್ದರೆ ದಾರಿ ಹೇಳಿ.

ನಿವೃತ್ತ ಪವರ್‌ಮ್ಯಾನ್ | 4 ಅಕ್ಟೋಬರ್, ಸಂಜೆ

ಬಿ2 ಅವರೇ, ಮೂವತ್ತೆರಡು ವರ್ಷ ಕಂಬ ಹತ್ತಿದ್ದೇನೆ. ನಾನು ನೋಡಿದ ಬೆಂಕಿಗಳಲ್ಲಿ ಹೆಚ್ಚಿನವು ಸಡಿಲ ಸ್ಕ್ರೂ ಮತ್ತು ಸಣ್ಣ ವೈರ್‌ನಿಂದ ಆದವು. ಕಾರಿನ ಚಾರ್ಜಿಂಗ್‌ನಲ್ಲೂ ನಾನು ಮೊದಲು ಹೆದರುವುದು ಅದಕ್ಕೇ.

ಲೆಕ್ಕ ನೋಡಿ. ಕಾರಿನ ಜೊತೆ ಬರುವ ಸಾಮಾನ್ಯ ಚಾರ್ಜರ್ 3.3 ಕಿಲೋವ್ಯಾಟ್. ಅದು ಹತ್ತಿರ ಹತ್ತಿರ 14 ಆಂಪಿಯರ್ ಎಳೆಯುತ್ತದೆ. ಗೀಸರ್ ಕೂಡ ಸುಮಾರು ಅಷ್ಟೇ ಎಳೆಯುತ್ತದೆ, ಆದರೆ ಹದಿನೈದು ನಿಮಿಷ. ಕಾರು ಎಂಟು ಹತ್ತು ಗಂಟೆ ಒಂದೇ ಸಮ ಎಳೆಯುತ್ತದೆ. ಸಾಧಾರಣ ಸಾಕೆಟ್ ಒಳಗಿನ ಪಿನ್ ಸ್ವಲ್ಪ ಸಡಿಲ ಇದ್ದರೂ ಅಲ್ಲಿ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಹಳದಿಯಾಗುತ್ತದೆ, ಆಮೇಲೆ ಕಪ್ಪು. ಹಾಗಾಗಿ ಮೀಟರಿನಿಂದ ನೇರ ಬೇರೆ ಲೈನ್ ಎಳೆಯಿರಿ. ನಾಲ್ಕು ಸ್ಕ್ವೇರ್ ಎಂಎಂ ತಾಮ್ರದ ವೈರ್‌ಗಿಂತ ಕಡಿಮೆ ಬೇಡ, 40 ಮೀಟರ್ ಅಂದರೆ ಆರು ಹಾಕಿ. ಎಂಸಿಬಿ (ಲೋಡ್ ಮಿತಿ ಮೀರಿದರೆ ಲೈನ್ ಕಡಿಯುವ ಸ್ವಿಚ್) ಜೊತೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಕಡ್ಡಾಯ. ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ದಯವಿಟ್ಟು ಯಾವತ್ತೂ ಬೇಡ. ಮೊದಲ ವಾರ ಎರಡು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ.

ಅಸೋಸಿಯೇಷನ್ ವಿಷಯಕ್ಕೆ: ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿಯಲ್ಲಿ ಮಾಲೀಕರು ತಮ್ಮ ಈಗಿನ ಸಂಪರ್ಕದಿಂದಲೇ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳಬಹುದು ಅಂತ ಇದೆ. ಅದರ ಪ್ರತಿ ತೆಗೆದುಕೊಂಡು ಹೋಗಿ. ಅದನ್ನು ತೋರಿಸಿ ಜಗಳ ಮಾಡಬೇಡಿ. ಲೈಸೆನ್ಸ್ ಇರುವ ಗುತ್ತಿಗೆದಾರರ ಕೈಲಿ ನಕ್ಷೆ ಬರೆಸಿ, ಯಾವ ವೈರ್, ಯಾವ ಬ್ರೇಕರ್, ಯಾರು ಪರೀಕ್ಷೆ ಮಾಡುತ್ತಾರೆ ಅಂತ ಕಾಗದದ ಮೇಲೆ ಇಡಿ. ಹೆದರಿದವರಿಗೆ ಕಾಗದ ಧೈರ್ಯ ಕೊಡುತ್ತದೆ.

ರಾಯಚೂರು ಬಿಸಿಲು | 5 ಅಕ್ಟೋಬರ್

ನಾನು ಬೇರೆ ಮಾತು ಹೇಳಬೇಕಾಗಿದೆ ನೋಡ್ರಿ. ಬೇಜಾರು ಮಾಡಿಕೊಳ್ಳಬೇಡಿ.

ನಾನೂ ಎಲೆಕ್ಟ್ರಿಕ್ ಕಾರು ತಗೊಂಡಿದ್ದೆ. ಹದಿಮೂರು ತಿಂಗಳಿಗೆ ಮಾರಿದೆ. ಕಾರು ಛಲೋ ಇತ್ತು, ಅದರ ತಪ್ಪು ಏನೂ ಇಲ್ಲ. ನಾವು ಇರುವುದು ಬಾಡಿಗೆ ಮನೆ. ಲೈನ್ ಎಳೆಯಲು ಮನೆ ಮಾಲೀಕರು ಮೊದಲು ಹೂಂ ಅಂದರು, ಕಾರು ಬಂದ ಮೇಲೆ ಬೇಡ ಅಂದರು. ಆಮೇಲೆ ಎಲ್ಲಕ್ಕೂ ಹೊರಗಿನ ಡಿಸಿ ಚಾರ್ಜರೇ (ಬೇಗ ತುಂಬಿಸುವ ಸಾರ್ವಜನಿಕ ಯಂತ್ರ) ಗತಿ. ಅದು ಇದ್ದದ್ದು 28 ಕಿಲೋಮೀಟರ್ ದೂರ, ಒಂದು ಡಾಬಾ ಪಕ್ಕ. ವಾರಕ್ಕೆ ಎರಡು ಸಲ ಹೋಗಿ ಮುಕ್ಕಾಲು ಗಂಟೆ ಕೂರುವುದು. ಒಮ್ಮೊಮ್ಮೆ ಅದು ಕೆಟ್ಟು ನಿಂತಿರುತ್ತಿತ್ತು. ಆ್ಯಪ್‌ನಲ್ಲಿ ಮಾತ್ರ ಹಸಿರು ತೋರಿಸುತ್ತಿತ್ತು. ಶೇಕಡ 9 ಉಳಿದಿರುವಾಗ, ಹೆಂಡತಿ ಮಕ್ಕಳು ಒಳಗಿರುವಾಗ, ರಾತ್ರಿ ಎಂಟೂವರೆಗೆ ಅಲ್ಲಿಗೆ ಹೋಗಿ ಯಂತ್ರ ಸತ್ತಿದ್ದು ನೋಡಿದ ದಿನ ನಾನು ಮಾರುವುದು ಅಂತ ತೀರ್ಮಾನ ಮಾಡಿದೆ. ಡಾಬಾದವರು ತಮ್ಮ ಪ್ಲಗ್ ಕೊಟ್ಟರು, ಮೂರು ಗಂಟೆ ಕೂತು ಊರು ಸೇರಿದೆವು. ಅವರ ಋಣ ದೊಡ್ಡದು.

ದುಡ್ಡಿನ ಲೆಕ್ಕವೂ ಬದಲಾಗುತ್ತದೆ. ಡಿಸಿ ಚಾರ್ಜರ್‌ನಲ್ಲಿ ತೆರಿಗೆ ಸೇರಿ ಯೂನಿಟ್‌ಗೆ 22ರಿಂದ 25 ರೂಪಾಯಿ ಕೊಟ್ಟಿದ್ದೇನೆ. ಕಿಲೋಮೀಟರಿಗೆ ಮೂರೂವರೆ ಬಿತ್ತು. ಮನೆಯ ಚಾರ್ಜಿಂಗ್ ಇದ್ದವರ ಉಳಿತಾಯ ನಮಗೆ ಎಲ್ಲಿಂದ ಬರಬೇಕು?

ಚಾರ್ಜಿಂಗ್ ಕೇಂದ್ರಗಳಲ್ಲಿ ಕರ್ನಾಟಕ ದೇಶಕ್ಕೇ ಮೊದಲು ಅಂತ ಪೇಪರ್‌ನಲ್ಲಿ ಓದುತ್ತೇವೆ. 2024ರ ಕೊನೆಗೆ 5,700ಕ್ಕೂ ಹೆಚ್ಚು ಇದ್ದವು, ನಿಜ. ಅದರಲ್ಲಿ 4,400ಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆ ಒಂದರಲ್ಲೇ. ಉಳಿದ ಇಡೀ ರಾಜ್ಯಕ್ಕೆ ಎಷ್ಟು ಉಳಿಯಿತು, ನೀವೇ ಕಳೆದು ನೋಡಿ. ನಾನು ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಬೇಕು, ಒಂದು ಕಡೆಗೆ 400 ಕಿಲೋಮೀಟರ್. ಮನೆಗೆ ಒಂದೇ ಕಾರು. ನಮ್ಮಂಥವರು ಇನ್ನೂ ಸ್ವಲ್ಪ ತಡೆಯುವುದೇ ಸರಿ.

ಮಂಡಗದ್ದೆ ದಾರಿ | 5 ಅಕ್ಟೋಬರ್

ಬೇಜಾರು ಯಾಕೆ ರೀ. ನಾನು ಹೇಳಿದ್ದಕ್ಕೆ ನಿಮ್ಮ ಅನುಭವವೇ ದೊಡ್ಡ ಸಾಕ್ಷಿ. ರಾತ್ರಿ ನಿಲ್ಲುವ ಜಾಗದಲ್ಲಿ ಕರೆಂಟ್ ಇಲ್ಲದಿದ್ದರೆ ಎಲೆಕ್ಟ್ರಿಕ್ ಕಾರು ಕಷ್ಟ. ಬಾಡಿಗೆ ಮನೆಯವರು ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಗೊಂಡು, ಲೈನ್ ಎಳೆಸಿ, ಆಮೇಲೆ ಬುಕಿಂಗ್ ಮಾಡಬೇಕು. ಈ ಕ್ರಮ ಉಲ್ಟಾ ಆಗಬಾರದು.

ದುಡ್ಡಿನ ಬಗ್ಗೆ ಇನ್ನೊಂದು. ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 18ಕ್ಕೆ ಇಳಿದಿದೆ. ಎಲೆಕ್ಟ್ರಿಕ್‌ಗೆ 2019ರಿಂದಲೂ 5 ಇದೆ, ಅದು ಹಾಗೇ ಇದೆ. ಅಂದರೆ ಎರಡರ ಬೆಲೆಯ ಅಂತರ ನಾನು ತಗೊಂಡಾಗ ಇದ್ದದ್ದಕ್ಕಿಂತ ಈಗ ಜಾಸ್ತಿ. ಅಂತರ ಮೂರು ಲಕ್ಷ ಅಂತ ಇಟ್ಟುಕೊಳ್ಳಿ. ಕಿಲೋಮೀಟರಿಗೆ ಐದು ರೂಪಾಯಿ ಉಳಿದರೆ ಅದು ತೀರಲು 60,000 ಕಿಲೋಮೀಟರ್ ಓಡಬೇಕು. ನನ್ನ ಹಾಗೆ ತಿಂಗಳಿಗೆ 3,000 ಓಡುವವರಿಗೆ ಇಪ್ಪತ್ತು ತಿಂಗಳು. ಭಾನುವಾರ ಮಾತ್ರ ಕಾರು ತೆಗೆದು ತಿಂಗಳಿಗೆ 600 ಓಡುವವರಿಗೆ ಎಂಟು ವರ್ಷ ದಾಟುತ್ತದೆ. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್. ಅಂಥವರು ಉಳಿತಾಯಕ್ಕಾಗಿ ಬದಲಾಯಿಸಬೇಡಿ ಅಂತಲೇ ಹೇಳುತ್ತೇನೆ.

ಸಂಪಾಜೆ ಇಳಿಜಾರು | 5 ಅಕ್ಟೋಬರ್, ರಾತ್ರಿ

ಅಣ್ಣ, ಘಾಟಿ ಬಗ್ಗೆ ನೀವು ಬರೆದಿಲ್ಲ, ಅದನ್ನು ನಾನು ಸೇರಿಸುತ್ತೇನೆ. ನಮ್ಮ ಮನೆ ಮಡಿಕೇರಿ, ತವರು ಸುಳ್ಯ. ತಿಂಗಳಿಗೆ ಮೂರು ನಾಲ್ಕು ಸಲ ಸಂಪಾಜೆ ಘಾಟಿ ಇಳಿದು ಹತ್ತುತ್ತೇನೆ. ನನ್ನದೂ 35 ಯೂನಿಟ್ ಬ್ಯಾಟರಿಯ ಕಾರು.

ಮಡಿಕೇರಿಯಿಂದ ಸಂಪಾಜೆಗೆ 27 ಕಿಲೋಮೀಟರ್, ಹತ್ತಿರ ಹತ್ತಿರ ಸಾವಿರ ಮೀಟರ್ ಇಳಿಜಾರು. ಮನೆ ಬಿಡುವಾಗ ಶೇಕಡ 80 ಇದ್ದರೆ ಕೆಳಗೆ ಹೋಗುವಾಗ 82 ಆಗಿರುತ್ತದೆ. ಇಳಿಯುವಾಗ ಮೋಟಾರೇ ಡೈನಮೋ ಆಗಿ ಬ್ಯಾಟರಿಗೆ ತುಂಬುತ್ತದೆ. ಬ್ರೇಕ್ ಕಾಲಿಗೆ ಕೆಲಸವೇ ಇಲ್ಲ. ಮೊದಲ ಸಲ ನೋಡಿದಾಗ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ. ಹತ್ತುವಾಗ ಅದೇ 27 ಕಿಲೋಮೀಟರಿಗೆ ಶೇಕಡ 24, 25 ಹೋಗುತ್ತದೆ. ಸಮತಟ್ಟಿನಲ್ಲಿ ಹನ್ನೊಂದು ಹನ್ನೆರಡು ಹೋಗುವ ಕಡೆ ಇದು. ಸುಳ್ಯದಿಂದ ಹೊರಡುವಾಗ ಪರದೆಯಲ್ಲಿ ಇನ್ನೂ 100 ಕಿಲೋಮೀಟರ್ ಹೋಗಬಹುದು ಅಂತ ತೋರಿಸಿದರೆ ನಂಬಬೇಡಿ. ಕಾರಿಗೆ ಮುಂದೆ ಘಾಟಿ ಇದೆ ಅಂತ ಗೊತ್ತಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ, ಘಾಟಿಯ ಮೇಲೆ ಮನೆ ಇರುವವರು ಗಮನಿಸಿ. ಬೆಳಗ್ಗೆ ಘಾಟಿ ಇಳಿಯುವುದಿದ್ದರೆ ರಾತ್ರಿ ಶೇಕಡ 100 ತುಂಬಿಸಬೇಡಿ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯುವುದಿಲ್ಲ ಅಲ್ವಾ, ಹಾಗೇ ಇದು. ಬ್ಯಾಟರಿಯಲ್ಲಿ ಜಾಗ ಇಲ್ಲದಿದ್ದರೆ ಮೋಟಾರ್ ಕಾರನ್ನು ಹಿಡಿದು ನಿಧಾನ ಮಾಡುವ ಆ ಎಳೆತ ಇರುವುದಿಲ್ಲ. ದಿನವೂ ಕಾಲು ತೆಗೆದ ಕೂಡಲೇ ನಿಧಾನವಾಗುತ್ತಿದ್ದ ಕಾರು ಅವತ್ತು ಉರುಳುತ್ತಾ ಹೋಗುತ್ತದೆ. ಮಳೆಯಲ್ಲಿ, ಮಂಜಿನಲ್ಲಿ, ಮೊದಲ ತಿರುವಿನಲ್ಲಿ ನನಗೆ ಹಾಗಾಯಿತು. ಬ್ರೇಕ್ ಸರಿಯಾಗೇ ಇತ್ತು, ಕಾಲಿಗೆ ಮಾತ್ರ ಅಭ್ಯಾಸ ತಪ್ಪಿತ್ತು. ಅವತ್ತಿನಿಂದ 85ಕ್ಕೆ ನಿಲ್ಲಿಸುತ್ತೇನೆ. ಪೂರ್ತಿ ತುಂಬಿಸುವುದು ಊರಲ್ಲೇ ಇರುವ ದಿನ ಮಾತ್ರ.

ಇನ್ನೊಂದು ಖುಷಿಯ ವಿಷಯ. ಜುಲೈ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ನಮ್ಮ ಕಾರಿನಿಂದ ಹೊರಗೆ ಕರೆಂಟ್ ತೆಗೆಯಬಹುದು. ಅತ್ತೆಯ ಇನ್ಸುಲಿನ್ ಇಟ್ಟಿದ್ದ ಫ್ರಿಜ್, ಎರಡು ಬಲ್ಬ್, ಫೋನ್‌ಗಳು ಮೂರು ದಿನ ಅದರಲ್ಲೇ ನಡೆದವು. ಎಲ್ಲ ಕಾರಿನಲ್ಲೂ ಈ ಸೌಲಭ್ಯ ಇಲ್ಲ. ಮಲೆನಾಡಿನವರು, ಕೊಡಗಿನವರು ತಗೊಳ್ಳುವಾಗ ಇದನ್ನು ಕೇಳಿ ತಗೊಳ್ಳಿ. ಸನ್‌ರೂಫ್‌ಗಿಂತ ಇದು ಉಪಯೋಗಕ್ಕೆ ಬರುತ್ತದೆ.

ತುಮರಿ ಹಿನ್ನೀರು | 6 ಅಕ್ಟೋಬರ್

ಎಲ್ಲರದ್ದೂ ಓದಿದೆ. ನಾನು ಇನ್ನೂ ಪೆಟ್ರೋಲ್ ಕಾರಿನಲ್ಲೇ ಇದ್ದೇನೆ, ಬದಲಾಯಿಸುವ ಯೋಚನೆ ಇದೆ. ನಮ್ಮೂರು ಶರಾವತಿ ಹಿನ್ನೀರಿನ ಆಚೆ. ಈ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ಸಾಗರಕ್ಕೆ ಹೋಗಬೇಕಾದರೆ ಲಾಂಚಿಗೆ ಕಾಯುತ್ತಿದ್ದವರು ನಾವು. ಸಂಜೆ ಕೊನೆಯ ಲಾಂಚು ತಪ್ಪಿದರೆ ರಾತ್ರಿ ಆಚೆ ದಡದಲ್ಲೇ. ಈಗ ಯಾವಾಗ ಬೇಕಾದರೂ ಹೋಗಬಹುದು. ಹಾಗಾಗಿ ಕಾರು ಓಡುವುದೂ ಜಾಸ್ತಿಯಾಗಿದೆ.

ಒಂದು ಮಾತು ಮನಸ್ಸಿನಲ್ಲಿದೆ, ಹೇಳುತ್ತೇನೆ. ಎಲೆಕ್ಟ್ರಿಕ್ ಕಾರು ಅಂದರೆ ಹೊಗೆ ಇಲ್ಲ, ಪರಿಸರಕ್ಕೆ ಒಳ್ಳೆಯದು ಅನ್ನುತ್ತಾರೆ. ಹೊಗೆ ಇಲ್ಲ, ಸರಿ. ಆದರೆ ಕರೆಂಟ್ ಎಲ್ಲಿಂದಲೋ ಬರಬೇಕಲ್ಲ. ನಮ್ಮ ಅಜ್ಜನ ಮನೆ, ಗದ್ದೆ, ದೇವರ ಬನ ಎಲ್ಲ ಲಿಂಗನಮಕ್ಕಿಯ ನೀರಿನ ಕೆಳಗಿದೆ. 1964ರಲ್ಲಿ ಆಣೆಕಟ್ಟು ಆಯಿತು. ನಾಡಿಗೆ ಬೆಳಕು ಬರುತ್ತದೆ ಅಂತ ಎಬ್ಬಿಸಿದರು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೇ ಮರದ ಬೊಡ್ಡೆಗಳು ಈಗಲೂ ಕಾಣುತ್ತವೆ. ಈಗ ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ತರುತ್ತಿದ್ದಾರೆ. ಹಗಲಿನ ಸೋಲಾರ್ ಕರೆಂಟಿನಲ್ಲಿ ಗೇರುಸೊಪ್ಪೆಯ ನೀರನ್ನು ಮೇಲೆ ತಲಕಳಲೆಗೆ ಎತ್ತಿ, ಸಂಜೆ ಬಿಟ್ಟು ಕರೆಂಟ್ ಮಾಡುವುದು. ಸಿಂಗಳೀಕ ಇರುವ ಕಾಡು ಅದು. ಅದಕ್ಕೆ ಇಲ್ಲಿ ವಿರೋಧ ನಡೆಯುತ್ತಿದೆ.

ಕಾರು ತಗೊಳ್ಳಬೇಡಿ ಅಂತ ಹೇಳುತ್ತಿಲ್ಲ. ನಾನೇ ತಗೊಳ್ಳುವವನು. ಆದರೆ ಸ್ವಿಚ್ ಹಾಕುವಾಗ ಈ ಕಡೆಯ ನೆನಪೂ ಇರಲಿ ಅಂತ.

ರಾಯಚೂರು ಬಿಸಿಲು | 6 ಅಕ್ಟೋಬರ್

ತುಮರಿಯವರೇ, ಖರೇ ಮಾತು. ನಮ್ಮ ಕಡೆ ಶಕ್ತಿನಗರದ ಚಿಮಣಿ ಇದೆ. 1,720 ಮೆಗಾವ್ಯಾಟ್, ಕಲ್ಲಿದ್ದಲು. ಆ ಕಡೆ ಗಾಳಿ ಬೀಸಿದ ದಿನ ಒಣಗಲು ಹಾಕಿದ ಬಟ್ಟೆಯ ಮೇಲೆ ಬೂದಿ ಕೂರುತ್ತದೆ. ನಿಮ್ಮವರು ಮುಳುಗಿದರು, ನಮ್ಮವರು ಬೂದಿ ಕುಡಿಯುತ್ತಾರೆ. ಕರೆಂಟ್ ಹೋಗುವುದು ಎಲ್ಲರ ಮನೆಗೆ.

ಮಂಡಗದ್ದೆ ದಾರಿ | 6 ಅಕ್ಟೋಬರ್, ರಾತ್ರಿ

ಇಬ್ಬರ ಮಾತೂ ಎರಡು ಸಲ ಓದಿದೆ. ನಾನು ಇದನ್ನು ಯೋಚಿಸಿಯೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಇಷ್ಟು ಹತ್ತಿರದಿಂದ ಯೋಚಿಸಿರಲಿಲ್ಲ.

ಹೀಗೆ ಬರೆಯುವಾಗ ಒಂದು ವಿಷಯ ಹೊಳೆಯಿತು. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟ್. ಚಿತ್ರದುರ್ಗ, ಗದಗ ಕಡೆ ಗಾಳಿಯಂತ್ರಗಳು ಬೇರೆ. ಬಿಸಿಲಿನ ಕರೆಂಟ್ ಬರುವುದು ಹಗಲು. ನಾನು ಚಾರ್ಜ್ ಮಾಡುವುದು ರಾತ್ರಿ ಹನ್ನೊಂದಕ್ಕೆ. ಯಾಕೆಂದರೆ ಸಂಜೆ ಆರರಿಂದ ಒಂಬತ್ತು ನಮ್ಮಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತದೆ, ಚಾರ್ಜರ್ ಬಿಟ್ಟು ಬಿಟ್ಟು ಹೊಡೆದುಕೊಳ್ಳುತ್ತದೆ. ಹಾಗಾಗಿ ರಾತ್ರಿ. ಆದರೆ ಹಗಲು ಪೂರ್ತಿ ಕಾರು ಶಿವಮೊಗ್ಗದಲ್ಲಿ ಆಫೀಸ್ ಎದುರು ಬಿಸಿಲಿಗೆ ನಿಂತಿರುತ್ತದೆ. ಅಲ್ಲೊಂದು ಸಾಕೆಟ್, ಅದಕ್ಕೊಂದು ಸಣ್ಣ ಮೀಟರ್ ಇದ್ದರೆ ಹಗಲಿನ ಕರೆಂಟನ್ನೇ ಹಗಲು ಬಳಸಬಹುದು. ನೀರು ಎತ್ತಿ ಕೂಡಿಡುವ ಅಗತ್ಯ ಅಷ್ಟರ ಮಟ್ಟಿಗೆ ಕಡಿಮೆ. ನಾವು ಐದು ಜನ ಎಲೆಕ್ಟ್ರಿಕ್ ಗಾಡಿಯವರು ಇದ್ದೇವೆ. ನಾಳೆಯೇ ಅರ್ಜಿ ಬರೆದು ಕೊಡುತ್ತೇನೆ, ಬಿಲ್ ನಾವೇ ಕಟ್ಟುತ್ತೇವೆ ಅಂತ.

ಮನೆ ಮೇಲೆ ಸೋಲಾರ್ ಹಾಕಬಹುದಲ್ಲ ಅಂತ ಒಬ್ಬರು ಮೆಸೇಜ್‌ನಲ್ಲಿ ಕೇಳಿದ್ದಾರೆ. 3 ಕಿಲೋವ್ಯಾಟ್‌ಗೆ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನ ಇದೆ. ಬಯಲುಸೀಮೆಯವರು ಖಂಡಿತ ನೋಡಿ. ನಮ್ಮ ಮನೆಯ ಸುತ್ತ ಅಡಿಕೆ, ಹಲಸು, ಮೇಲೆ ನಾಲ್ಕು ತಿಂಗಳು ಮೋಡ. ನಮಗೆ ಆಗುವುದಿಲ್ಲ.

ಬೇಸ್‌ಮೆಂಟ್ ಬಿ2 | 7 ಅಕ್ಟೋಬರ್

ಪವರ್‌ಮ್ಯಾನ್ ಸರ್, ನೀವು ಹೇಳಿದ ಹಾಗೆ ನಕ್ಷೆ ಬರೆಸಲು ಕೊಟ್ಟೆ. ಗುತ್ತಿಗೆದಾರರು ಆರು ಸ್ಕ್ವೇರ್ ಎಂಎಂ ಅಂತಲೇ ಹೇಳಿದರು. ಮುಂದಿನ ಮೀಟಿಂಗ್ 12ಕ್ಕೆ. ಒಂದು ಸಣ್ಣ ಪ್ರಶ್ನೆ: ಒಂದೂವರೆ ವರ್ಷದಲ್ಲಿ ದಾರಿಯಲ್ಲಿ ನಿಂತದ್ದು ಉಂಟಾ ಸರ್? ಸರ್ವಿಸ್ ಖರ್ಚು ಹೇಗೆ?

ಮಂಡಗದ್ದೆ ದಾರಿ | 7 ಅಕ್ಟೋಬರ್

ಒಮ್ಮೆ ನಿಂತಿದೆ. ಹೋದ ಜುಲೈನಲ್ಲಿ, ಮಂಡಗದ್ದೆ ಹತ್ತಿರ, ಜಡಿಮಳೆ. ಟೀ ಕುಡಿದು ಬಂದು ಬಟನ್ ಒತ್ತಿದರೆ ಪರದೆ ಕಪ್ಪು. ದೊಡ್ಡ ಬ್ಯಾಟರಿಯಲ್ಲಿ ಶೇಕಡ 70 ಇತ್ತು. ಸತ್ತದ್ದು ಎಲ್ಲ ಕಾರಿನಲ್ಲೂ ಇರುವ ಸಣ್ಣ 12 ವೋಲ್ಟ್ ಬ್ಯಾಟರಿ. ಅದು ಇಲ್ಲದೆ ದೊಡ್ಡದು ಎಚ್ಚರವಾಗುವುದೇ ಇಲ್ಲ. ಸಹಾಯವಾಣಿಯವರು ಕೊಕ್ಕೆ ಹಾಕಿ ಎಳೆಯುವ ಗಾಡಿ ಕಳಿಸಿದರು. ಎಲೆಕ್ಟ್ರಿಕ್ ಕಾರಿನ ಮೋಟಾರ್ ಇರುವ ಚಕ್ರ ನೆಲಕ್ಕೆ ತಾಗಿಸಿ ಎಳೆಯಬಾರದು, ಮೋಟಾರ್ ತಿರುಗಿ ಹಾಳಾಗುತ್ತದೆ. ಪೂರ್ತಿ ಮೇಲೆ ಹೇರಿಕೊಂಡು ಹೋಗುವ ಗಾಡಿಯೇ ಬೇಕು. ಅದು ಬರಲು ನಾಲ್ಕು ಗಂಟೆ. ಆಮೇಲೆ ಗೊತ್ತಾಯಿತು, ಯಾರಾದರೂ 12 ವೋಲ್ಟ್‌ಗೆ ಜಂಪ್ ಕೊಟ್ಟಿದ್ದರೆ ಅಲ್ಲೇ ಎದ್ದು ಬರುತ್ತಿತ್ತು. ಈಗ ಡಿಕ್ಕಿಯಲ್ಲಿ ಕೇಬಲ್ ಇಟ್ಟುಕೊಂಡಿದ್ದೇನೆ.

ಸರ್ವಿಸ್‌ನಲ್ಲಿ ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ. ಕೂಲೆಂಟ್, ಬ್ರೇಕ್ ಆಯಿಲ್, ಎಸಿ ಫಿಲ್ಟರ್ ಇಷ್ಟೇ. ಬ್ರೇಕ್ ಪ್ಯಾಡ್ ಇನ್ನೂ ಮೊದಲಿನದ್ದೇ. ಟೈರ್ ಮಾತ್ರ ಬೇಗ ಸವೆದವು, 41,000ಕ್ಕೆ ನಾಲ್ಕೂ ಬದಲಾಯಿಸಿದೆ. ಕಾರು ಭಾರ, ಎಳೆತವೂ ಜಾಸ್ತಿ. ಇದನ್ನು ಖರ್ಚಿಗೆ ಸೇರಿಸಿಕೊಳ್ಳಿ.

ತುಮರಿ ಹಿನ್ನೀರು | 13 ಅಕ್ಟೋಬರ್

ನಿನ್ನೆ ಎಲೆಕ್ಟ್ರಿಷಿಯನ್ ಕರೆಸಿದ್ದೆ. ನ್ಯೂಟ್ರಲ್‌ಗೂ ಅರ್ಥ್‌ಗೂ ಹಿಡಿದರು. 31 ವೋಲ್ಟ್. ಅವರೇ ಎರಡು ಸಲ ಹಿಡಿದು ನೋಡಿದರು. ಮನೆ ಕಟ್ಟಿದಾಗ ಹಾಕಿದ್ದ ಅರ್ಥ್ ತಂತಿ ಗೋಡೆಯ ಹಿಂದೆ ತುಕ್ಕು ಹಿಡಿದು ತುಂಡಾಗಿತ್ತು. ಬಚ್ಚಲಿನ ಗೀಸರ್ ಮುಟ್ಟಿದರೆ ಚುರ್ ಅನ್ನುತ್ತದೆ ಅಂತ ಮಗಳು ಎರಡು ವರ್ಷದಿಂದ ಹೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಗೀಸರ್ ನಿನ್ನೆಯೇ ಬಂದ್ ಮಾಡಿಸಿದೆ.

ಕಾರಿನ ಬುಕಿಂಗ್ ದೀಪಾವಳಿ ಆದ ಮೇಲೆ ನೋಡೋಣ ಅಂತ ಇಟ್ಟಿದ್ದೇನೆ. ಮೊದಲು ಅರ್ಥ್ ಗುಂಡಿ. ಎಲ್ಲಿ ತೆಗೆಸಲಿ ಹೇಳಿ. ಮನೆ ಎದುರು ಅಂಗಳ ಗಟ್ಟಿ ಜಂಬಿಟ್ಟಿಗೆ. ಹಿಂದೆ ಬಾವಿಕಟ್ಟೆ ಹತ್ತಿರ ಮಣ್ಣು ಸ್ವಲ್ಪ ಮೆದು ಇದೆ, ಆದರೆ ಕಾರು ನಿಲ್ಲುವ ಜಾಗದಿಂದ ದೂರ ಆಗುತ್ತದೆ.

ನಿವೃತ್ತ ಪವರ್‌ಮ್ಯಾನ್ | 13 ಅಕ್ಟೋಬರ್

ಹಿಂದೆಯೇ ತೆಗೆಸಿ. ದೂರ ಆದರೆ ತಾಮ್ರದ ತಂತಿ ನಾಲ್ಕು ಮೀಟರ್ ಜಾಸ್ತಿ ಬೇಕು, ಅಷ್ಟೇ. ಒದ್ದೆ ಮಣ್ಣು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಬಾವಿಯಿಂದ ಹತ್ತು ಹನ್ನೆರಡು ಅಡಿ ಬಿಟ್ಟು ತೆಗೆಸಿ, ಉಪ್ಪು ಬಾವಿ ನೀರಿಗೆ ಇಳಿಯಬಾರದು. ಗೀಸರ್‌ನ ಅರ್ಥ್ ಕೂಡ ಅದೇ ಗುಂಡಿಗೆ ಕೊಡಿಸಿ, ಆರ್‌ಸಿಸಿಬಿ ಇಡೀ ಮನೆಗೆ ಹಾಕಿಸಿ. ಮಗಳು ಹೇಳಿದ್ದು ಸರಿಯಾಗೇ ಇತ್ತು.

ಮಂಡಗದ್ದೆ ದಾರಿ | 13 ಅಕ್ಟೋಬರ್

ಗುಂಡಿಯ ಬಾಯಿ ಮುಚ್ಚುವಾಗ ಮೇಲೆ ಒಂದು ಸಣ್ಣ ಕೊಳವೆ ಬಿಡಿಸಿ. ಪಾತ್ರೆ ತೊಳೆದ ನೀರು ಅದರೊಳಗೆ ಹೋಗುವ ಹಾಗೆ ಮಾಡಿದರೆ ಮಾರ್ಚ್, ಏಪ್ರಿಲ್‌ನಲ್ಲೂ ಒಣಗುವುದಿಲ್ಲ. ನಾನು ಅದನ್ನು ಮಾಡಿಸಿರಲಿಲ್ಲ, ಬೇಸಿಗೆಯಲ್ಲಿ ವಾರಕ್ಕೆರಡು ಕೊಡ ಹೊತ್ತು ಹಾಕುತ್ತಿದ್ದೆ. ಗುಂಡಿ ಆದ ಮೇಲೆ ಎಷ್ಟು ವೋಲ್ಟ್ ಬಂತು ಅಂತ ಇಲ್ಲಿ ಬರೆಯಿರಿ.